ಹದಿನೇಳು ಜನರ ಹೆಸರು

ಯುದ್ಧದ ವರ್ಷವನ್ನು ಕಳೆದು ಲೆಕ್ಕ ಹಾಕಿದರೂ ಕುವೈತಿನಲ್ಲಿ ಹದಿನೇಳು ವರ್ಷ ಕಳೆದಿದ್ದ ಪುರಂದರ ಸಾಲ್ಯಾನನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ. ಗೊತ್ತಿರುವ ವಿಷಯ ಯಾವುದೆಂದು ಕೇಳಿದರೆ ಮಾತ್ರ ಸ್ವಲ್ಪ ತಡವರಿಸುತ್ತಿದ್ದ. ರಿಫೈನರಿಯ ರಿಪೇರಿ ಕೆಲಸ ವಹಿಸಿಕೊಂಡ ಒಂದು ಕಂಪೆನಿಯಲ್ಲಿ ಅವನಿಗೆ ಫೈಲು ರೂಮಿನ ಕೆಲಸ. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ನಂಬರು ಹಾಕುವುದು, ಎಲ್ಲಿಗೂ ಹೋಗದ ಕಾಗದವನ್ನು ಕಪಾಟಿನಲ್ಲಿ ಇಡುವುದು. ಇಷ್ಟು ಕಾಗದ ಕೈಮೇಲೆ ಹಾದುಹೋದ ಮೇಲೆ ತಾನೂ ಒಂದು ಬಗೆಯ ವಿದ್ವಾಂಸನೇ ಎಂದು ಅವನಿಗೆ ಅನಿಸಿಬಿಟ್ಟಿತ್ತು. ಹೆಂಡತಿ ಕುಸುಮಾವತಿಗೆ ಹಾಗೆ ಅನಿಸಿರಲಿಲ್ಲ. ಆದರೆ ಅವಳ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಅದೇ ಕಂಪೆನಿಯಲ್ಲಿ ವಿಲ್ಲೆಮ್ ಎಂಬ ಡಚ್ ಸಾಹೇಬ ಸೇಫ್ಟಿ ಇಂಜಿನಿಯರ್ ಆಗಿದ್ದ. ಐವತ್ತೊಂಬತ್ತು ವರ್ಷ, ಮದುವೆಯಿಲ್ಲ, ಮಕ್ಕಳಿಲ್ಲ. ಏಣಿ ಕಂಡರೆ ಅಲ್ಲಾಡಿಸಿ ನೋಡುವುದು, ಹೆಲ್ಮೆಟ್ ಹಾಕದವನನ್ನು ಕಂಡರೆ ಮನೆಗೆ ಕಳಿಸುವುದು ಅವನ ಕೆಲಸ. ಸುಳ್ಳು ಎಂಬುದು ಅವನ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಒಮ್ಮೆ ಕಂಪೆನಿಯ ಮಾಲೀಕನ, ಅಂದರೆ ಸಾಕ್ಷಾತ್ ಕಫೀಲನ ಮನೆಯ ಊಟದಲ್ಲಿ ಹೇಗಿದೆ ಎಂದು ಕೇಳಿದ್ದಕ್ಕೆ ಅನ್ನ ಅರ್ಧ ಬೆಂದಿದೆ ಎಂದು ಹೇಳಿ, ಉಳಿದವರ ಗಂಟಲಲ್ಲಿ ಆ ಅರ್ಧ ಬೆಂದ ಅನ್ನ ಸಿಕ್ಕಿಕೊಳ್ಳುವಂತೆ ಮಾಡಿದ್ದ.

ಅವನ ಮನೆತನದ ಹೆಸರು ಲಾಟ್‌ಖೆನೂಖ್. ಆಫೀಸಿನಲ್ಲಿ ಅದನ್ನು ಹೇಳಲು ಹೊರಟವರೆಲ್ಲ ಕೊನೆಗೆ ನೀರು ಕುಡಿಯಬೇಕಾಗುತ್ತಿತ್ತು. ಹಾಗಾಗಿ ಎಲ್ಲರಿಗೂ ಅವನು ಮಿಸ್ಟರ್ ವಿಲ್ಲೆಮ್. ಆದರೆ ಆ ಹೆಸರಿನ ಮೇಲೆ ಅವನಿಗಿದ್ದ ಪ್ರೀತಿ ಅಷ್ಟಿಷ್ಟಲ್ಲ. ಒಂದು ದಿನ ಫೈಲು ರೂಮಿನಲ್ಲಿ ಚಾ ಕುಡಿಯುತ್ತ ಅದರ ಚರಿತ್ರೆಯನ್ನೇ ಪುರಂದರನ ಮುಂದೆ ಬಿಚ್ಚಿಟ್ಟ.

ಹಾಲೆಂಡನ್ನು ಫ್ರೆಂಚರು ಆಳುತ್ತಿದ್ದ ಕಾಲದಲ್ಲಿ ಎಲ್ಲರೂ ಬಂದು ಮನೆತನದ ಹೆಸರು ಬರೆಸಬೇಕೆಂದು ಹುಕುಂ ಆಯಿತಂತೆ. ವಿಲ್ಲೆಮನ ಮುತ್ತಜ್ಜನ ಅಜ್ಜ ಹಾವುಮೀನು ಹಿಡಿಯುವವನು. ಇಂದು ಹೋಗುತ್ತೇನೆ ನಾಳೆ ಹೋಗುತ್ತೇನೆ ಎಂದು ದಿನ ನೂಕಿ, ಕೊನೆಯ ದಿನ, ಗುಮಾಸ್ತ ಬಾಗಿಲು ಹಾಕುವ ಹೊತ್ತಿಗೆ ಮೀನಿನ ಬುಟ್ಟಿ ಸಮೇತ ಹೋಗಿ ನಿಂತನಂತೆ. ರೇಗಿಹೋದ ಗುಮಾಸ್ತ ‘ಇಷ್ಟು ತಡ ಸಾಕಾ’ ಎಂಬರ್ಥ ಬರುವಂತೆ ‘ಲಾಟ್‌ಖೆನೂಖ್’ ಎಂದು ಬರೆದು ಪುಸ್ತಕ ಮುಚ್ಚಿದನಂತೆ. ಅದೇ ಹೆಸರಾಗಿ ಉಳಿಯಿತು. ವಿಲ್ಲೆಮ್ ಮೂವತ್ತು ವರ್ಷ ರಜೆಯಲ್ಲೆಲ್ಲ ಇಗರ್ಜಿಗಳ ಹಳೆಯ ಪುಸ್ತಕ ತಿರುವಿ ಪಟ್ಟಿ ಮಾಡಿದ್ದ. ಭೂಮಿಯ ಮೇಲೆ ಈಗ ಆ ಹೆಸರಿನವರು ಬರೀ ಹದಿನೇಳು ಜನ. ಎಲ್ಲರಿಗಿಂತ ಚಿಕ್ಕವನು ತಾನೇ ಎಂದು ಹೇಳಿ ವಿಲ್ಲೆಮ್ ಚಾದ ಲೋಟವನ್ನು ನೋಡುತ್ತ ಕೂತ. ತನ್ನ ನಂತರ ಹೆಸರು ಮುಗಿಯಿತು. ಇರುವವಳು ಒಬ್ಬಳೇ ತಂಗಿ. ಅವಳ ಮಗ ಯೋಸ್ಟ್‌ನ ಹೆಸರು ಅಪ್ಪನ ಕಡೆಯದು, ದ ವ್ರೀಸ್ ಎಂದು. ಕಲ್ಲೆಸೆದರೆ ಒಬ್ಬ ದ ವ್ರೀಸನಿಗೆ ಬೀಳುವಷ್ಟು ಸಾಮಾನ್ಯವಾದ ಹೆಸರು.

ಪುರಂದರನಿಗೆ ಸಾಹೇಬನ ದುಃಖ ಅರ್ಥವಾಗಲೇ ಇಲ್ಲ. ತಂಗಿಗೆ ಮಗನಿದ್ದಾನೆ, ಮತ್ತೆ ಎಂತ ಅಳುವುದು?

“ಸರ್, ನಮ್ಮ ಊರಿನಲ್ಲಿ ಇದಕ್ಕೆ ಅಳಿಯಕಟ್ಟು ಅಂತ ಹೇಳುತ್ತಾರೆ,” ಎಂದ. “ನನ್ನ ಅಪ್ಪ ಕೋಟ್ಯಾನ್. ನಾನು ಸಾಲ್ಯಾನ್. ಯಾಕೆ? ಅಮ್ಮ ಸಾಲ್ಯಾನ್. ಬರಿ, ಅಂದರೆ ಮನೆತನದ ಹೆಸರು, ಬರುವುದು ಅಮ್ಮನಿಂದ, ಮನೆಯ ಯಜಮಾನ ಸೋದರಮಾವ. ನಿಮ್ಮ ತಂಗಿಯ ಮಗನೇ ನಿಮ್ಮ ಹೆಸರಿನವನು. ನೀವು ಸುಮ್ಮನೆ ತಲೆಬಿಸಿ ಮಾಡುವುದು.”

ವಿಲ್ಲೆಮ್ ಕಿಸೆಯಿಂದ ಪುಸ್ತಕ ತೆಗೆದು ‘ಅಳಿಯಕಟ್ಟು’ ಎಂದು ಬರೆದುಕೊಂಡ. ತಮ್ಮ ದೇಶದ ಕಾಯಿದೆಗೆ ಇದು ಗೊತ್ತಿಲ್ಲ ಎಂದು ನಿಟ್ಟುಸಿರು ಬಿಟ್ಟ. ತನ್ನ ಮಾತನ್ನು ಒಬ್ಬ ಯುರೋಪಿನವನು ಬರೆದುಕೊಂಡದ್ದು ಪುರಂದರನ ತಲೆಗೆ ಹತ್ತಿತು. ಆ ಸಂಜೆ ಮಂಗಫ್‌ನ ಫ್ಲಾಟಿನಲ್ಲಿ ಅವನು ಬೂತಾಯಿ ಗಸಿ ಉಣ್ಣುವಾಗಲೂ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದ.

ಇದಾಗಿ ಎರಡು ವಾರಕ್ಕೆ ಆ ಯೋಸ್ಟ್ ಕುವೈತಿಗೆ ಬರುವುದೆಂದಾಯಿತು. ಜೂನಿನಲ್ಲಿ ವಿಲ್ಲೆಮ್ ನಿವೃತ್ತನಾಗುವವನು. ಮಾವ ಬದುಕಿದ ಊರನ್ನು ಒಮ್ಮೆ ನೋಡುತ್ತೇನೆಂದು ಹುಡುಗ ಹೇಳಿದ್ದ. ಊರಿಗೆ ಹೋದಾಗಲೂ ವಿಲ್ಲೆಮ್ ಇಗರ್ಜಿಗಳಲ್ಲೇ ರಜೆ ಕಳೆಯುತ್ತಿದ್ದುದರಿಂದ ಹನ್ನೊಂದು ವರ್ಷದಿಂದ ಇಬ್ಬರೂ ಮುಖ ನೋಡಿರಲಿಲ್ಲ. ಅದು ತೊಂಬತ್ತೆಂಟನೇ ಇಸವಿ. ಆಗ ಕಂಪೆನಿಯೇ ಅರ್ಜಿ ಹಾಕಿ ವಿಸಿಟ್ ವೀಸಾ ತೆಗೆಯಬೇಕಿತ್ತು. ಆ ಓಡಾಟವೆಲ್ಲ ಮುತ್ತಲಿಬ್‌ನದ್ದು. ಉಳ್ಳಾಲದ ಕಡೆಯ ಬ್ಯಾರಿ, ಅರಬಿ ಭಾಷೆಯನ್ನು ನೀರು ಕುಡಿದಷ್ಟು ಸುಲಭವಾಗಿ ಮಾತಾಡುವವನು. ಅವನು ಒಂದು ಇಂಗ್ಲಿಷ್ ಹಾಳೆ ಕೊಟ್ಟು, ಇದನ್ನು ತುಂಬಿಸಿ ಕೊಡಿ ಪುರಂದರಣ್ಣ, ನಾನು ಅರಬಿಯಲ್ಲಿ ಟೈಪ್ ಮಾಡಿಸುತ್ತೇನೆ ಎಂದ. ಹೋಗುವ ಮೊದಲು, ತಪ್ಪು ಬರೆದರೆ ಬರೆದವನ ಇಕಾಮಾ ಕ್ಯಾನ್ಸಲ್, ಮತ್ತೆ ಖಲಾಸ್, ಊರಿಗೇ ವಿಮಾನ ಎಂದೂ ಹೇಳಿದ. ಇಕಾಮಾ ಎಂದರೆ ಇಲ್ಲಿ ಇರಲು ಸರ್ಕಾರ ಕೊಡುವ ಪರವಾನಿಗೆ; ಅದು ಹೋದರೆ ಪುರಂದರನ ಹದಿನೇಳು ವರ್ಷ ಒಂದು ಸೂಟ್‌ಕೇಸಿನೊಳಗೆ ಹೋಗಬೇಕು.

ಹಾಳೆಯಲ್ಲಿ ನಾಲ್ಕು ಕೋಣೆಗಳಿದ್ದವು: ಮೊದಲ ಹೆಸರು, ಎರಡನೆಯ ಹೆಸರು, ಮೂರನೆಯ ಹೆಸರು, ಮನೆತನದ ಹೆಸರು. ಫ್ಯಾಕ್ಸಿನಲ್ಲಿ ಬಂದ ಪಾಸ್‌ಪೋರ್ಟಿನಲ್ಲಿ ಹುಡುಗನ ಮುಖ ಇದ್ದಲಿನಷ್ಟು ಕಪ್ಪಾಗಿತ್ತು, ಹೆಸರು ಬರೀ ಎರಡು. ಬೇರೆ ಯಾರಾದರೂ ಆಗಿದ್ದರೆ ಸಾಹೇಬನನ್ನು ಕೇಳುತ್ತಿದ್ದರು. ಆದರೆ ಗುರುವಾದವನು ಶಿಷ್ಯನನ್ನು ಕೇಳುವುದುಂಟೇ? ಪುರಂದರ ಪೆನ್ನು ತೆಗೆದು ಸೊಗಸಾದ ಅಕ್ಷರದಲ್ಲಿ ಬರೆದ: ಯೋಸ್ಟ್, ಅವನ ಯಜಮಾನ ವಿಲ್ಲೆಮ್, ಸಾಹೇಬನ ಫೈಲಿನಲ್ಲಿ ಸಿಕ್ಕಿದ ಯಜಮಾನನ ಅಪ್ಪ ಹೆಂಡ್ರಿಕ್, ಮನೆತನ ಲಾಟ್‌ಖೆನೂಖ್. ದ ವ್ರೀಸ್ ಎಂಬುದನ್ನು ಅಪ್ಪನ ಮನೆಯ ಗುರುತೆಂದು ಬಿಟ್ಟುಬಿಟ್ಟ. ಹೀಗೆ ಒಂದು ಡಚ್ ಮನೆತನ ಅಳಿಯುವುದು ನಿಂತಿತು. ಸಾಹೇಬನಿಗೆ ಇದೊಂದು ಸರ್‌ಪ್ರೈಸ್ ಆಗಲಿ ಎಂದು ಯಾರಿಗೂ ಹೇಳಲಿಲ್ಲ.

ಅರಬರಲ್ಲಿ ಎರಡನೆಯ ಹೆಸರು ಎಂದರೆ ಅಪ್ಪನ ಹೆಸರು, ಮೂರನೆಯದು ಅಜ್ಜನದು ಎಂಬುದು ಕುವೈತಿನ ಕಲ್ಲಿಗೂ ಮರಳಿಗೂ ಗೊತ್ತು. ಪುರಂದರನಿಗೆ ಮಾತ್ರ ಗೊತ್ತಿರಲಿಲ್ಲ.

ಹತ್ತು ದಿನದಲ್ಲಿ ವೀಸಾ ಬಂತು. ಹಾಳೆಯನ್ನು ಓದದೆಯೇ ಟೈಪಿಗೆ ಕೊಟ್ಟಿದ್ದ ಮುತ್ತಲಿಬ್ ಈಗ ವೀಸಾ ಓದಿ ನೇರವಾಗಿ ವಿಲ್ಲೆಮ್‌ನ ಕೋಣೆಗೆ ಹೋಗಿ ಎರಡೂ ಕೈ ಹಿಡಿದು ಮಬ್ರೂಕ್ ಎಂದ. ವೀಸಾ ಸಿಕ್ಕಿದ್ದಕ್ಕೆ ಎಂದುಕೊಂಡು ವಿಲ್ಲೆಮ್ ಥ್ಯಾಂಕ್ಸ್ ಹೇಳಿದ. ಮುತ್ತಲಿಬ್ ಸ್ವರ ತಗ್ಗಿಸಿ, ತಾಯಿ ಇದ್ದಾರಾ ಎಂದು ಕೇಳಿದ. ತನ್ನ ತಾಯಿಯನ್ನು ಕೇಳುತ್ತಿದ್ದಾನೆಂದು ತಿಳಿದ ವಿಲ್ಲೆಮ್, ತೀರಿಕೊಂಡು ಬಹಳ ವರ್ಷವಾಯಿತು ಎಂದ. ಮುತ್ತಲಿಬ್ ಕಣ್ಣು ಒರೆಸಿಕೊಂಡು ಹೊರಗೆ ಬಂದು ಟೆಲಿಫೋನ್ ಆಪರೇಟರ್ ಸೂಸನ್‌ಳಿಗೆ ಹೇಳಿದ: ಸಾಹೇಬರಿಗೆ ಒಬ್ಬ ಮಗ ಇದ್ದಾನೆ, ಹೆಂಡತಿ ಪಾಪ ಹೋಗಿಬಿಟ್ಟಿದ್ದಾಳೆ, ಯಾರಿಗೂ ಹೇಳಬೇಡಿ.

ಟೆಲಿಫೋನ್ ಆಪರೇಟರಿಗೆ ಯಾರಿಗೂ ಹೇಳಬೇಡಿ ಎನ್ನುವುದು ಬೆಕ್ಕಿಗೆ ಮೀನಿನ ಬುಟ್ಟಿ ನೋಡಿಕೋ ಎಂದ ಹಾಗೆ. ಮಧ್ಯಾಹ್ನದ ಒಳಗೆ ಸುದ್ದಿ ಆಫೀಸು ದಾಟಿತು, ಸಂಜೆಯೊಳಗೆ ಅಬು ಹಲೀಫಾ ಮುಟ್ಟಿತು. ಅಲ್ಲಿ ಹೋಟೆಲ್ ಮ್ಯಾನೇಜರ್ ಆಗಿದ್ದ ಕಮಲಾಕ್ಷ ನಮ್ಮ ಊರಿನವರ ಸಂಘದ ಅಧ್ಯಕ್ಷ. ಅವನು ಕಳೆದ ವರ್ಷವಷ್ಟೇ ವಿಲ್ಲೆಮ್‌ನನ್ನು ಸಂಘದ ಕ್ರೀಡಾಕೂಟಕ್ಕೆ ಕರೆದು, ಶಾಲು ಹೊದಿಸಿ, ಆಜನ್ಮ ಬ್ರಹ್ಮಚಾರಿ ಎಂದು ಮೈಕಿನಲ್ಲಿ ಮೂರು ಸಲ ಹೊಗಳಿದ್ದ. ಸ್ಮರಣಸಂಚಿಕೆಯಲ್ಲೂ ಹಾಗೇ ಅಚ್ಚಾಗಿತ್ತು. ಅವನು ಪುರಂದರನಿಗೆ ಫೋನು ಮಾಡಿ, ಆರುನೂರು ಪ್ರತಿ ಊರಿಗೆಲ್ಲ ಹೋಗಿದೆ, ಈಗ ತಿದ್ದುಪಡಿ ಹಾಕುವುದು ಹೇಗೆ, ನೀವೇ ಅಲ್ಲವಾ ಅವನನ್ನು ಕರೆತಂದದ್ದು ಎಂದು ಅರ್ಧ ಗಂಟೆ ತರಾಟೆಗೆ ತೆಗೆದುಕೊಂಡ. ಕಫೀಲ್ ದೊಡ್ಡ ಮನಸ್ಸಿನವನು; ಹನ್ನೊಂದು ವರ್ಷದ ಮೇಲೆ ಮಗ ಬರುತ್ತಿದ್ದಾನೆಂದು ಕೇಳಿ ವಿಲ್ಲೆಮ್‌ನ ಬಾಗಿಲಿಗೆ ಒಂದು ಜೀವಂತ ಕುರಿ ಕಳಿಸಿದ. ಮೂರನೆಯ ಮಹಡಿಯ ಫ್ಲಾಟಿನಲ್ಲಿ ಕುರಿ ಕಟ್ಟುವುದು ಸೇಫ್ಟಿ ನಿಯಮಕ್ಕೆ ವಿರುದ್ಧವೆಂದು ವಿಲ್ಲೆಮ್ ಅದನ್ನು ಪುರಂದರನ ಮನೆಗೆ ಸಾಗಿಸಿದ. ಅಲ್ಲಿಯೂ ಫ್ಲಾಟು ಮೂರನೆಯ ಮಹಡಿಯೇ, ಆದರೆ ನಿಯಮ ಇರಲಿಲ್ಲ.

ಈಗ ಪುರಂದರನ ವಿಷಯ ಕೇಳಿ. ಈ ಸುದ್ದಿಯ ಬೇರು ತನ್ನ ಪೆನ್ನಿನಲ್ಲಿದೆ ಎಂದು ಅವನಿಗೆ ಹೊಳೆಯಲೇ ಇಲ್ಲ. ಎಲ್ಲರಂತೆ ಅವನೂ ಸುದ್ದಿಯನ್ನು ನಂಬಿದ. ನಂಬಿ ಎಲ್ಲರಿಗಿಂತ ಹೆಚ್ಚು ನೊಂದುಕೊಂಡ. ಊರಿನಲ್ಲಿ ಸ್ವಂತ ಮಗನನ್ನು ಇಟ್ಟುಕೊಂಡು ನನ್ನ ಮುಂದೆ ಹೆಸರು ಮುಗಿಯಿತೆಂದು ಅತ್ತನಲ್ಲ ಈ ಮನುಷ್ಯ! ನನ್ನಿಂದ ಅಳಿಯಕಟ್ಟಿನ ರಹಸ್ಯವನ್ನೆಲ್ಲ ಹೊರಗೆ ತೆಗೆಸಿದನಲ್ಲ! ಅಳಿಯನೂ ಮಗನೂ ಒಂದೇ ವಿಮಾನದಲ್ಲಿ ಬರುತ್ತಾರೆಂದು ಅವನು ಲೆಕ್ಕ ಹಾಕಿ, ಶುಕ್ರವಾರದ ಊಟಕ್ಕೆ ಒಬ್ಬರಲ್ಲ ಇಬ್ಬರು ಹೆಚ್ಚು ಎಂದು ಕುಸುಮಾವತಿಗೆ ಹೇಳಿದ. ಮಗನಿಗೆ ವೀಸಾ ಮಾಡಿದ್ದು ಯಾರು ಎಂದು ಅವಳು ಕೇಳಿದಳು. ಅದೆಲ್ಲ ಕಂಪೆನಿಯ ವಿಷಯ, ನಿನಗೆ ಅರ್ಥವಾಗುವುದಿಲ್ಲ ಎಂದ. ಅವಳು ಕುರಿಗೆ ಎಲೆಕೋಸು ಹಾಕಲು ಬಾಲ್ಕನಿಗೆ ಹೋದಳು.

ಮೂರು ದಿನ ಪುರಂದರ ಸಾಹೇಬನ ಕೋಣೆಯತ್ತ ಸುಳಿಯಲಿಲ್ಲ. ಸೂಸನ್ ಸಾಹೇಬನಿಗೆ ಕರೆ ಕೊಡುವಾಗಲೆಲ್ಲ ಅಯ್ಯೋ ಪಾಪ ಎಂಬ ಸ್ವರದಲ್ಲಿ ಮಾತಾಡುತ್ತಿದ್ದಳು. ತನಗೇನೋ ಕೆಟ್ಟ ಕಾಯಿಲೆಯಿದೆ, ಡಾಕ್ಟರು ತನಗೆ ಹೇಳದೆ ಕಂಪೆನಿಗೆ ಹೇಳಿದ್ದಾರೆ ಎಂದು ವಿಲ್ಲೆಮ್‌ಗೆ ಸಂಶಯ ಬಂದು, ಅವನು ಹೋಗಿ ರಕ್ತ ಪರೀಕ್ಷೆ ಮಾಡಿಸಿಕೊಂಡ. ಏನೂ ಇರಲಿಲ್ಲ. ಅದರಿಂದ ಸಂಶಯ ಇನ್ನೂ ಗಟ್ಟಿಯಾಯಿತು.

ಗುರುವಾರ ಸಂಜೆ ವಿಲ್ಲೆಮ್, ಪುರಂದರ, ಮುತ್ತಲಿಬ್ ಮೂವರೂ ವಿಮಾನ ನಿಲ್ದಾಣಕ್ಕೆ ಹೋದರು. ಸಾಹೇಬನ ಮೇಲೆ ಮುನಿಸಿದ್ದರೂ ಕಾರು ಪುರಂದರನದ್ದು, ಹೋಗದೆ ಉಪಾಯವಿರಲಿಲ್ಲ. ಇಳಿದವರೆಲ್ಲ ಹೊರಗೆ ಬಂದರು, ಯೋಸ್ಟ್ ಬರಲಿಲ್ಲ. ಒಳಗೆ ವಿಚಾರಿಸಲು ಹೋದ ಮುತ್ತಲಿಬ್ ಹತ್ತು ನಿಮಿಷದಲ್ಲಿ ಮುಖ ಬಿಳಿಚಿಕೊಂಡು ಬಂದು ಇಬ್ಬರನ್ನೂ ಒಂದು ಕೋಣೆಗೆ ಕರೆದೊಯ್ದ.

ಅಲ್ಲಿ ಮೇಜಿನ ಹಿಂದೆ ಒಬ್ಬ ಅಧಿಕಾರಿ. ಮುಂದೆ ಎತ್ತರದ ಕೆಂಚು ಕೂದಲಿನ ಯುವಕ; ಮಾವನನ್ನು ಕಂಡು ಎದ್ದವನನ್ನು ಅಧಿಕಾರಿ ಕೈಸನ್ನೆಯಿಂದ ಕೂರಿಸಿದ. ಮೇಜಿನ ಮೇಲೆ ಪಾಸ್‌ಪೋರ್ಟು, ಪಕ್ಕದಲ್ಲಿ ವೀಸಾ ಮತ್ತು ಅದರ ಅರ್ಜಿ. ಅಧಿಕಾರಿ ವೀಸಾ ಎತ್ತಿ ಓದಿದ: ಯೋಸ್ಟ್ ವಿಲ್ಲೆಮ್ ಹೆಂಡ್ರಿಕ್ ಲಾಟ್‌ಖೆನೂಖ್. ಅರಬಿ ಗಂಟಲಿಗೆ ಆ ಹೆಸರು ಒಂದಿಷ್ಟೂ ಕಷ್ಟವಾಗಲಿಲ್ಲ. ಕುವೈತಿಗೆ ಬಂದ ಮೇಲೆ ತನ್ನ ಹೆಸರನ್ನು ಸರಿಯಾಗಿ ಕೇಳಿದ್ದು ಅದೇ ಮೊದಲಾದ್ದರಿಂದ ವಿಲ್ಲೆಮ್ ತನ್ನನ್ನೇ ಕರೆದರೆಂದು ಎದ್ದು ನಿಂತ. ಅಧಿಕಾರಿ ಅವನನ್ನೂ ಕೂರಿಸಿ ವಿಷಯ ಹೇಳಿದ. ಪಾಸ್‌ಪೋರ್ಟಿನ ಪ್ರಕಾರ ಇವನು ದ ವ್ರೀಸ್. ವೀಸಾದ ಪ್ರಕಾರ ವಿಲ್ಲೆಮ್‌ನ ಮಗ, ಹೆಂಡ್ರಿಕ್‌ನ ಮೊಮ್ಮಗ. ಹುಡುಗ ತನಗೆ ಅಪ್ಪ ಬೇರೆ, ಇವರು ಮಾವ ಎನ್ನುತ್ತಿದ್ದಾನೆ. ಸರ್ಕಾರಿ ಅರ್ಜಿಯಲ್ಲಿ ಸುಳ್ಳು ಬರೆದವರು ಯಾರು?

ವೀಸಾದ ಪ್ರಕಾರ ಮಗ ಎಂಬ ಮಾತು ಕೇಳಿದಾಗ ಪುರಂದರನ ತಲೆಯೊಳಗೆ ದೀಪ ಹತ್ತಿತು. ಆ ಬೆಳಕಿನಲ್ಲಿ ಅವನಿಗೆ ಕಂಡದ್ದು ತನ್ನದೇ ಸೊಗಸಾದ ಅಕ್ಷರ; ಅವನು ತುಂಬಿಸಿದ ಹಾಳೆ ಅರ್ಜಿಯ ಹಿಂದೆ ಪಿನ್ನು ಹಾಕಿಕೊಂಡು ಕೂತಿತ್ತು. ಮಗನೂ ಇಲ್ಲ, ಇನ್ನೊಬ್ಬನೂ ಇಲ್ಲ; ಇರುವುದೆಲ್ಲ ತಾನೇ ಪೆನ್ನಿನಿಂದ ಹೆತ್ತ ಮಗ. ಇಕಾಮಾ ಹೋಯಿತು. ಕುಸುಮಾವತಿಗೆ ಹೇಗೆ ಹೇಳುವುದು? ಅವನು ವಿಲ್ಲೆಮ್‌ನ ಕಿವಿಗೆ ಬಾಗಿ, ಬಿಕ್ಕುತ್ತ, ಸರ್ ಅಳಿಯಕಟ್ಟು ಪ್ರಕಾರ ನಾನೇ ಬರೆದೆ, ನಿಮ್ಮ ಹೆಸರು ಉಳಿಯಲಿ ಎಂದು, ಒಳ್ಳೆಯದಕ್ಕೇ ಎಂದ.

ವಿಲ್ಲೆಮ್ ಒಂದು ಕ್ಷಣ ಅವನನ್ನು ನೋಡಿದ. ಹುಡುಗನನ್ನು ನೋಡಿದ. ಆಮೇಲೆ ಅಧಿಕಾರಿಗೆ ಹೇಳಿದ:

“ನಾನು ಬರೆಸಿದ್ದು. ತಂಗಿಯ ಮಗ ಮಾವನ ಹೆಸರು ತೆಗೆದುಕೊಳ್ಳುವುದು ನಮ್ಮ ಮನೆಯ ಪದ್ಧತಿ.”

ಪುರಂದರ ಆ ಬಾಯಿಯನ್ನೇ ನೋಡಿದ. ಕಫೀಲನ ಅನ್ನ ಬೆಂದಿಲ್ಲ ಎಂದ ಬಾಯಿ ಅದು. ಮುತ್ತಲಿಬ್ ಅದನ್ನು ಅರಬಿಗೆ ತಿರುಗಿಸಿ, ತನ್ನ ಕಡೆಯಿಂದ ಒಂದಷ್ಟು ಉಪ್ಪು ಖಾರ ಸೇರಿಸಿ ಬಹಳ ಹೊತ್ತು ಹೇಳಿದ. ಅಧಿಕಾರಿ ಕೇಳಿ ಕುರ್ಚಿಗೆ ಒರಗಿದ. ಅವನ ಮುಖದಲ್ಲಿ ಗಡಸು ಇಳಿಯಿತು.

“ಅಲ್ ಖಾಲ್ ವಾಲಿದ್,” ಎಂದ. ಸೋದರಮಾವ ಎಂದರೆ ತಂದೆಯೇ. ತಮ್ಮಲ್ಲೂ ಹಿರಿಯರು ಈ ಮಾತು ಹೇಳುತ್ತಾರೆ, ತನ್ನನ್ನೂ ಓದಿಸಿದ್ದು ಮಾವನೇ ಎಂದು ಹೇಳಿದ. ಆದರೆ ಈ ಗಾದೆ ಕಂಪ್ಯೂಟರಿಗೆ ಗೊತ್ತಿಲ್ಲ. ಪಾಸ್‌ಪೋರ್ಟ್ ಇಲ್ಲೇ ಇರಲಿ, ಹುಡುಗ ಹೋಗಲಿ. ಶನಿವಾರ ಪಾಸ್‌ಪೋರ್ಟಿನ ಹೆಸರೇ ಇರುವ ಸರಿಯಾದ ಕಾಗದ ತಂದುಕೊಡಿ. ಯಲ್ಲಾ, ಹೊರಡಿ.

ಕಾರು ಫಹಾಹೀಲ್ ರಸ್ತೆಗೆ ಬಂದ ಮೇಲೆ ವಿಲ್ಲೆಮ್ ತನ್ನಷ್ಟಕ್ಕೇ ಹೇಳಿಕೊಂಡ: ಒಂದು ಸರ್ಕಾರದ ಮುಂದೆ ನಮ್ಮ ಮನೆಯ ಪದ್ಧತಿ ಎಂದು ಹೇಳಿಬಿಟ್ಟಿದ್ದೇನೆ. ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಇನ್ನು ಅದನ್ನು ನಿಜ ಮಾಡಬೇಕು.

ಮರುದಿನ ಶುಕ್ರವಾರ ಮಧ್ಯಾಹ್ನ ಎಲ್ಲರೂ ಪುರಂದರನ ಫ್ಲಾಟಿನಲ್ಲಿ ಸೇರಿದರು. ಕಫೀಲನ ಕುರಿ ಮುತ್ತಲಿಬ್‌ನ ಕೈಯಿಂದ ಸುಕ್ಕ ಆಗುವ ಮಟ್ಟಕ್ಕೆ ಬಂದು, ಕುಸುಮಾವತಿಯ ಕೈಯಿಂದ ಸುಕ್ಕ ಆಗಿತ್ತು. ನಡೆದದ್ದು ತಿಳಿದ ಕಮಲಾಕ್ಷನೂ, ಸ್ಮರಣಸಂಚಿಕೆ ಬಚಾವಾದ ಸಂತೋಷದಲ್ಲಿ, ಒಂದು ಡಬ್ಬಿ ಹೋಳಿಗೆ ಹಿಡಿದು ಬಂದಿದ್ದ. ಎರಡು ತುತ್ತು ಆದ ಮೇಲೆ ವಿಲ್ಲೆಮ್ ತಟ್ಟೆ ಸರಿಸಿ, ಕಿಸೆಯ ಪುಸ್ತಕ ತೆಗೆದು, ಅಳಿಯಕಟ್ಟು ಮಾಡುವ ಕ್ರಮ ಹೇಗೆ ಎಂದು ಕೇಳಿದ. ಯಾವ ಕಾಗದ ಬೇಕು, ಯಾರು ಸಹಿ ಹಾಕಬೇಕು?

ಎಲ್ಲರೂ ಪುರಂದರನನ್ನು ನೋಡಿದರು. ಪುರಂದರ ಗಂಟಲು ಸರಿಮಾಡಿಕೊಂಡ. ಮೊದಲಿಗೆ ದೈವಕ್ಕೆ ಹೇಳಬೇಕು ಎಂದ. ಹಾಲೆಂಡಿನಲ್ಲಿ ಯಾವ ದೈವ ಎಂದು ಕಮಲಾಕ್ಷ ಕೇಳಿದ. ಹಾಗಾದರೆ ಊರಿನ ಹತ್ತು ಸಮಸ್ತರನ್ನು ಕರೆಯಬೇಕು ಎಂದ. ಹದಿನೇಳೇ ಜನ ಇರುವವರು ಹತ್ತು ಜನರನ್ನು ಎಲ್ಲಿಂದ ತರುತ್ತಾರೆ ಎಂದು ಮುತ್ತಲಿಬ್ ಕೇಳಿದ. ಯೋಸ್ಟ್ ಪಾಪ, ತನ್ನನ್ನು ಏನು ಮಾಡಲಿದ್ದಾರೆಂದು ತಿಳಿಯದೆ, ರೊಟ್ಟಿ ಹಿಡಿದುಕೊಂಡೇ ಕೂತಿದ್ದ. ಚರ್ಚೆ ಅರ್ಧ ಗಂಟೆ ಹೋಯಿತು. ಸುಕ್ಕ ತಣಿಯಿತು.

ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ಕುಸುಮಾವತಿ ಆಗ ಬಾಯಿ ತೆರೆದಳು.

“ಅಲ್ಲ ಮಾರಾಯ್ರೇ, ಬರಿ ಬರುವುದು ತಾಯಿಯಿಂದ ಅಂತ ನೀವೇ ಹೇಳುತ್ತೀರಿ. ಅವರ ತಂಗಿಯನ್ನು ಯಾರಾದರೂ ಒಂದು ಮಾತು ಕೇಳಿದ್ದೀರಾ?”

ಯಾರೂ ಕೇಳಿರಲಿಲ್ಲ. ಮೂವತ್ತು ವರ್ಷ ಇಗರ್ಜಿಗಳ ಪುಸ್ತಕ ತಿರುವಿದವನಿಗೂ ತಂಗಿಯನ್ನು ಕೇಳಬೇಕೆಂದು ತೋಚಿರಲಿಲ್ಲ.

ಯೋಸ್ಟ್ ಎದ್ದು ಫೋನಿನ ನಂಬರು ಒತ್ತಿದ. ಹನ್ನೆಕೆ ಎಂಬ ಆ ತಂಗಿ ಅಲ್ಲಿ ಬೆಳಗಿನ ಕಾಫಿ ಕುಡಿಯುತ್ತಿದ್ದಳು. ವಿಲ್ಲೆಮ್ ಡಚ್ ಭಾಷೆಯಲ್ಲಿ ಬಹಳ ಹೊತ್ತು ವಿವರಿಸಿದ. ಮಧ್ಯೆ ಅಳಿಯಕಟ್ಟು ಎಂಬ ಮಾತು ಎರಡು ಸಲ ಕೇಳಿಸಿತು. ಆಮೇಲೆ ಅವನು ಸುಮ್ಮನಾಗಿ ಕೇಳತೊಡಗಿದ. ಅವನ ಕಿವಿ ಕೆಂಪಾಯಿತು, ಕುತ್ತಿಗೆ ಕೆಂಪಾಯಿತು. ಕೊನೆಗೆ ಫೋನನ್ನು ಎದೆಗೆ ಒತ್ತಿ ಹಿಡಿದು ಗೋಡೆ ನೋಡುತ್ತ ನಿಂತ. ಏನಾಯಿತೆಂದು ಯೋಸ್ಟ್ ಹೇಳಬೇಕಾಯಿತು.

ಅಮ್ಮ ಮದುವೆಯಾದ ಮೇಲೆ ಊರವರು ಅವಳನ್ನು ಮಿಸೆಸ್ ದ ವ್ರೀಸ್ ಎಂದರು, ನಿಜ. ಆದರೆ ಅವಳ ಪಾಸ್‌ಪೋರ್ಟಿನಲ್ಲಿ ಹೆಸರು ಇವತ್ತಿಗೂ ಲಾಟ್‌ಖೆನೂಖ್. ದ ವ್ರೀಸನ ಹೆಂಡತಿ ಎಂದು ಅದರ ಮುಂದೆ ಒಂದು ಸಾಲು ಸೇರಿದೆ, ಅಷ್ಟೇ. ತಮ್ಮ ದೇಶದ ಕಾಯಿದೆಯಲ್ಲಿ ಹೆಣ್ಣಿನ ಹುಟ್ಟುಹೆಸರು ಹೋಗುವುದೇ ಇಲ್ಲ.

“ಅಮ್ಮ ಕೇಳುತ್ತಿದ್ದಾಳೆ,” ಎಂದ ಯೋಸ್ಟ್. “ನಿನ್ನ ಹದಿನೇಳರಲ್ಲಿ ನನ್ನನ್ನು ಯಾಕೆ ಬರೆಯಲಿಲ್ಲ ಅಂತ.”

ವಿಲ್ಲೆಮ್ ಕೂತ. ಪುಸ್ತಕದಲ್ಲಿ ಹದಿನೇಳಕ್ಕೆ ಗೀಟು ಎಳೆದು ಹದಿನೆಂಟು ಎಂದು ಬರೆದ. ಪೆನ್ನು ಅಲ್ಲೇ ನಿಂತಿತು. ಚಿಕ್ಕಪ್ಪನ ಮಗಳು ಒಬ್ಬಳಿದ್ದಳಲ್ಲ, ಬೇಕರಿಯವನನ್ನು ಮದುವೆಯಾದವಳು? ಅವಳನ್ನೂ ಬಿಟ್ಟಿದ್ದೇನೆ. ಅವಳ ಅಕ್ಕನನ್ನೂ. ದೊಡ್ಡಪ್ಪನ ನಾಲ್ಕು ಹೆಣ್ಣುಮಕ್ಕಳನ್ನೂ. ಫೋನಿನ ಆ ತುದಿಯಿಂದ ಹನ್ನೆಕೆ ಒಂದೊಂದೇ ಹೆಸರು ಹೇಳುತ್ತ ಹೋದಳು, ಈ ತುದಿಯಲ್ಲಿ ಅಣ್ಣ ಬರೆಯುತ್ತ ಹೋದ. ಬರೆಯುತ್ತ ಬರೆಯುತ್ತ ಅವನಿಗೆ ಕಣ್ಣು ಕಾಣದಾಯಿತು, ಪೆನ್ನನ್ನು ಯೋಸ್ಟ್ ತೆಗೆದುಕೊಂಡ. ಯಾರೂ ನಗಲಿಲ್ಲ. ಕಮಲಾಕ್ಷ ಮಾತ್ರ ಹೋಳಿಗೆಯ ಡಬ್ಬಿಯನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡ.

ಪಾಯಸ ಬಡಿಸುವ ಹೊತ್ತಿಗೆ ಲಾಟ್‌ಖೆನೂಖರ ಸಂಖ್ಯೆ ನಲವತ್ತೊಂದು ಮುಟ್ಟಿತ್ತು. ವಿಲ್ಲೆಮ್ ಮೂಗು ಒರೆಸಿಕೊಂಡು ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದ, ಕೆಳಗಿನಿಂದ ಮೇಲೆ ಓದಿದ. ನಲವತ್ತೊಂದು ಎಂದರೆ ಈಗ ಅಷ್ಟೊಂದು ಅಪರೂಪವೇನಲ್ಲ ಅಲ್ಲವಾ ಎಂದು ಪುರಂದರನನ್ನು ಕೇಳಿದ. ಸ್ವರದಲ್ಲಿ ಒಂದು ಚೂರು ಬೇಸರವೂ ಇತ್ತು. ವಿದ್ವಾಂಸನು ಉತ್ತರ ಕೊಡಲು ಬಾಯಿ ತೆರೆದ, ಬಾಗಿಲ ಕಡೆ ಒಮ್ಮೆ ನೋಡಿದ, ಮತ್ತೆ ಜೀವಮಾನದಲ್ಲಿ ಮೊದಲ ಸಲ, ತನಗೆ ಗೊತ್ತಿಲ್ಲ, ಕುಸುಮಳನ್ನು ಕೇಳಬೇಕು ಎಂದ.

ಕುಸುಮಾವತಿಗೆ ಪುರುಸೊತ್ತಿರಲಿಲ್ಲ. ಅವಳು ಫೋನು ಕೈಗೆ ತೆಗೆದುಕೊಂಡು, ಹನ್ನೆಕೆಗೆ, ಗಟ್ಟಿಯಾಗಿ ಮತ್ತು ನಿಧಾನವಾಗಿ ಹೇಳಿದರೆ ತುಳು ಯಾರಿಗಾದರೂ ಅರ್ಥವಾಗುತ್ತದೆಂಬ ನಂಬಿಕೆಯಿಂದ, ಮುಂದಿನ ಸಲ ಮಗನ ಜೊತೆ ನೀವೂ ಬರಬೇಕು ಎಂದು ಹೇಳುತ್ತಿದ್ದಳು.